ನಡುಗೋಡೆಯ ಉಣ್ಣೆಗಳು

ಬೆಳ್ಳಿ ಮೂರನೇ ಸಲ ಮೇವು ಬಿಟ್ಟ ದಿನ ರಂಜಿತಳಿಗೆ ಅಳುವೂ ಬರಲಿಲ್ಲ. ಎರಡು ಸಲ ಸೂಜಿ ಹಾಕಿಸಿ, ಗಂಜಿ ಕುಡಿಸಿ, ಕಿವಿಯೊಳಗಿನ ಉಣ್ಣೆಹುಳಗಳನ್ನು ಒಂದೊಂದಾಗಿ ಕಿತ್ತು ಉಳಿಸಿಕೊಂಡ ಸೀಮೆಹಸು ಅದು. ಈಗ ಮತ್ತೆ ಮೈ ಕಾದ ಹೆಂಚಿನಂತಿತ್ತು.

"ಸೂಜಿಯೇನೋ ಹಾಕ್ತೀನಿ. ಮತ್ತೆ ಬಂದ್ರೆ ಉಳಿಯೋದು ಕಷ್ಟ ಕಣಮ್ಮ," ಎಂದರು ದೊಡ್ಡಬಳ್ಳಾಪುರದಿಂದ ಬಂದ ದನದ ಡಾಕ್ಟರು. "ರಕ್ತ ಸೇರಿರೋ ಕ್ರಿಮಿಗೆ ನನ್ನ ಹತ್ರ ಔಷಧಿ ಇದೆ. ಅದನ್ನ ಹೊತ್ತು ತರೋ ಉಣ್ಣೆ ಎಲ್ಲಿದೆ, ನೋಡಿಲ್ಲಿ." ಕೊಟ್ಟಿಗೆಯ ನಡುಗೋಡೆಯ ಬಿರುಕಿಗೆ ಕಡ್ಡಿ ಹಾಕಿ ಕೆರೆದರು. ಉಣ್ಣೆಗಳು ಬಳಬಳನೆ ಉದುರಿದವು. "ಈ ಕಡೆ ಔಷಧಿ ಹೊಡೆದ್ರೆ ಆ ಕಡೆ ಹೋಗಿ ಕೂತ್ಕೋತವೆ. ಎರಡೂ ಕಡೆ ಒಟ್ಟಿಗೇ ಹೊಡೆದು ಸಿಮೆಂಟು ಮೆತ್ಬೇಕು."

ಆ ಕಡೆ ಎಂದರೆ ಓರಗಿತ್ತಿ ಆದಿಲಕ್ಷ್ಮಮ್ಮನ ಕೊಟ್ಟಿಗೆ. ಅಣ್ಣತಮ್ಮಂದಿರು ಪಾಲಾದಾಗ ಮಣ್ಣಿನ ಗೋಡೆ ಯಾರದೆಂದು ತೀರ್ಮಾನವಾಗಲಿಲ್ಲ. ಮೆತ್ತಿದವರು ತಮ್ಮದೆಂದುಬಿಟ್ಟಾರೆಂದು ನಾಲ್ಕು ವರ್ಷದಿಂದ ಯಾರೂ ಯಾರನ್ನೂ ಕೈ ಹಚ್ಚಗೊಟ್ಟಿರಲಿಲ್ಲ. ಮಾತೂ ನಿಂತಿತ್ತು. ಮೊದಲ ಸಲ ಜ್ವರ ಬಂದಾಗ ರಂಜಿತ ಅದೇ ಗೋಡೆಯ ಬುಡದಲ್ಲಿ ಕೆಂಡದ ಮೇಲೆ ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದಿದ್ದಳು. ಘಾಟು ಬರಲೇ ಇಲ್ಲ. ಕೆಟ್ಟ ಕಣ್ಣು ಬಿದ್ದಿರುವುದಕ್ಕೆ ಅದೇ ಗುರುತು. ಯಾರ ಕಣ್ಣೆಂದು ಗೋಡೆಯಾಚೆಗೆ ಕೇಳಿಸುವಂತೆ ಹೇಳಿಯೂ ಇದ್ದಳು.

ಗಂಡ ನಂದೀಶನನ್ನು ಕೇಳಿದರೆ ಬೇಡವೆನ್ನುತ್ತಾನೆ. ಅವನು ಫ್ಯಾಕ್ಟರಿಗೆ ಹೊರಟ ಮೇಲೆ ಬಿರುಕಿಗೆ ಬಾಯಿಟ್ಟು, "ಅಕ್ಕಾ," ಎಂದಳು.

ಆ ಕಡೆ ಸಗಣಿ ಬಾಚುವ ಸದ್ದು ನಿಂತಿತು. ಡಾಕ್ಟರು ಅಂದದ್ದನ್ನೆಲ್ಲ ಹೇಳಿದಳು.

"ನನ್ನ ನಾಟಿ ಹಸೀಗೇನೂ ಆಗಿಲ್ಲವಲ್ಲೇ."

"ನಾಟಿಗೆ ತಡ್ಕೊಳ್ಳೋ ಶಕ್ತಿ ಇರ್ತದಂತೆ ಅಕ್ಕ."

"ಅವತ್ತು ನನ್ನ ಕಣ್ಣು ಅಂದೆ."

"ಘಾಟು ಬರ್ಲಿಲ್ಲ, ಅದಕ್ಕೇ..."

"ಹೆಂಗ್ ಬರ್ತೈತೆ? ಎಲ್ಲಾ ಬಿರುಕಲ್ಲಿ ನುಗ್ಗಿ ಈ ಕಡೆಗೇ ಬಂತಲ್ಲೇ, ಪುಣ್ಯಾತ್ಗಿತ್ತಿ! ಕೆಮ್ಮಿ ಕೆಮ್ಮಿ ಸಾಯೋಂಗಾಗಿದ್ದೆ."

ರಂಜಿತಳಿಗೆ ಮೊದಲು ನಗು ಬಂತು, ಆಮೇಲೆ ನಾಚಿಕೆ. "ತಪ್ಪಾಯ್ತು ಅಕ್ಕ." ಆ ಕಡೆ ಸಗಣಿ ಬಾಚುವ ಸದ್ದು ಮತ್ತೆ ಶುರುವಾಗಿ ನಿಂತಿತು.

"ಗೋಡೆ ನಂದು ಅನ್ನಲ್ಲ ತಾನೇ?"

"ಇಲ್ಲ."

"ನಾನೂ ಅನ್ನಲ್ಲ. ಮೆತ್ತೋಕೆ ಕರಣೆ ನನ್ ಹತ್ರ ಐತೆ. ಸಿಮೆಂಟು ನೀನ್ ತರ್ಸು."

ಮರುದಿನ ಗಂಡಸರಿಲ್ಲದ ಹೊತ್ತಿನಲ್ಲಿ ಇಬ್ಬರೂ ತಂತಮ್ಮ ಕಡೆಯಿಂದ ಔಷಧಿ ಹೊಡೆದು ಮೆತ್ತತೊಡಗಿದರು. ಮೆತ್ತುತ್ತ ಮಂಡಿನೋವು, ಮಕ್ಕಳ ಪರೀಕ್ಷೆ, ಸತ್ತ ಅತ್ತೆಯ ಬಾಯಿ, ಎಲ್ಲ ಮಾತಿಗೆ ಬಂತು. ಬಿರುಕು ಮುಚ್ಚಿದಷ್ಟೂ ಅಕ್ಕನ ದನಿ ದೂರವಾಗುತ್ತ ಹೋಯಿತು. ಕೊನೆಗೆ ಎದೆಮಟ್ಟದಲ್ಲಿ ಅಂಗೈಯಷ್ಟು ಉಳಿದಾಗ ಇಬ್ಬರ ಕೈಯೂ ನಿಂತಿತು.

"ಇದೊಂದು ಇರ್ಲೇನೇ?"

ರಂಜಿತ ಬೆಳ್ಳಿಯತ್ತ ನೋಡಿದಳು. ಅದರ ತಲೆ ಇನ್ನೂ ನೆಲಕ್ಕೇ ಬಾಗಿತ್ತು. "ಬೇಡಕ್ಕ. ಉಣ್ಣೆಗಳಿಗೆ ಅಷ್ಟೇ ಸಾಕು," ಎಂದು ಗಾರೆ ಒತ್ತಿದಳು.

ಆರನೆಯ ದಿನ ಬೆಳ್ಳಿ ಹಸಿಹುಲ್ಲು ಮೇಯ್ದು ಮೆಲುಕು ಹಾಕಿತು. ರಂಜಿತ ಗೋಡೆಗೆ ಮುಖವಿಟ್ಟು ಕೂಗಿದಳು. ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಬೀದಿಗಿಳಿದು, ಎದುರುಮನೆಯವರು ನೋಡುತ್ತಿರುವಂತೆಯೇ ಅಕ್ಕನ ಬಾಗಿಲು ತಟ್ಟಿದಳು.

ಆದಿಲಕ್ಷ್ಮಮ್ಮ ಬಂದು ಹಸುವಿನ ಕೆಳರೆಪ್ಪೆ ಎಳೆದು ನೋಡಿದಳು. "ಇನ್ನೂ ಬಿಳುಚ್ಕೊಂಡೈತೆ ಕಣೇ. ರಕ್ತ ಕೂಡ್ಬೇಕು."

"ತಿಂಗಳಾದ್ರೂ ಬೇಕಂತೆ ಅಕ್ಕ."

"ಆಗ್ಲಿ ಬಿಡು. ನಾಳೆ ರಾಗಿ ಗಂಜಿ ಮಾಡ್ಕೊಂಡು ಬರ್ತೀನಿ, ಬಾಗಿಲು ತೆಗೆದಿಟ್ಟಿರು."