ಕೂರಲೊಲ್ಲದ ಅಳಿಯ

ಡಾಕ್ಟರಕ್ಕನ ಮೇಲೆ ಮನೆಯವರಿಗೆ ಇದ್ದದ್ದು ಒಂದೇ ದೂರು. ದಿನಾ ಆಸ್ಪತ್ರೆಗೆ ಹೋಗುತ್ತಾಳೆ, ಊರಿನ ಅರ್ಧ ಜನರ ಹೊಟ್ಟೆ ಕೊಯ್ದು ಹೊಲಿಯುತ್ತಾಳೆ, ಮನೆಗೆ ಬರುವಾಗ ಮಾತ್ರ ಒಂದೇ ಒಂದು ಸುದ್ದಿ ತರುವುದಿಲ್ಲ. ಪಕ್ಕದ ಮನೆ ಯಜಮಾನರ ಪಿತ್ತಕೋಶ ತೆಗೆದವಳು ಇವಳೇ. ಆ ವಿಷಯ ಅಮ್ಮನಿಗೆ ಗೊತ್ತಾದದ್ದು ಪೇಪರ್ ಹಾಕುವವನಿಂದ.

"ಪೇಪರಿನವನಿಗೆ ಗೊತ್ತಿರೋದು ಹೆತ್ತ ತಾಯಿಗೆ ಗೊತ್ತಿಲ್ಲ ಅಂದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?" ಎಂದು ಅಮ್ಮ ಊಟದ ತಟ್ಟೆಯನ್ನು ಟಣ್ ಎಂದು ಇಟ್ಟಿದ್ದಳು.

"ಕಾಯಿಲೆ ಅವರದು, ಹೇಳೋದು ಬಿಡೋದೂ ಅವರದು. ನಾನು ಬಾಯಿ ಬಿಟ್ರೆ ಬರೀ ತಪ್ಪಲ್ಲಮ್ಮ, ಕಾನೂನು ನನ್ನ ಡಾಕ್ಟರಿಕೆನೇ ಕಿತ್ಕೊಳ್ಳುತ್ತೆ" ಎಂದಿದ್ದಳು ಮಗಳು. ಅಮ್ಮನಿಗೆ ಅದು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಹೊರಗೆ ಬಂದಿತ್ತು.

ಅಂಥ ಮನೆಗೆ ಆ ಭಾನುವಾರ ತಂಗಿಯ ಹುಡುಗ ಬರುವವನಿದ್ದ. ತಂಗಿಯೂ ಅವನೂ ಒಂದೇ ಆಫೀಸಿನಲ್ಲಿ ಎದುರುಬದುರು ಮೇಜಿನವರು, ಒಬ್ಬರನ್ನೊಬ್ಬರು ಮೆಚ್ಚಿ ಬಹಳ ಕಾಲವಾಗಿತ್ತು. ಅಮ್ಮನೂ ಮನಸ್ಸಿನಲ್ಲೇ ಒಪ್ಪಿಯಾಗಿತ್ತು. ಆದರೆ ಅಪ್ಪ ಹೋದ ಮೇಲೆ ತನ್ನ ಅಣ್ಣನನ್ನು, ಅಂದರೆ ಮಕ್ಕಳ ಸೋದರಮಾವನನ್ನು, ಕೇಳದೆ ಅಮ್ಮ ಒಂದು ಪರದೆಯ ಬಟ್ಟೆಯನ್ನೂ ಕೊಂಡವಳಲ್ಲ. ಹಾಗಾಗಿ ಉಳಿದಿದ್ದು ಮಾವನ ತಲೆ ಆಡುವುದೊಂದೇ.

ಆ ತಲೆ ಸುಲಭಕ್ಕೆ ಆಡುವಂಥದ್ದಲ್ಲ. ಮಾವ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಅವರ ಕಣ್ಣಿಗೆ ಪ್ರಪಂಚದ ಪ್ರತಿಯೊಬ್ಬನೂ, ತೋರಿಸುವವರೆಗೆ, ಟಿಕೆಟ್ ಇಲ್ಲದವನೇ. ಅಷ್ಟು ವರ್ಷ ಕುಲುಕಾಡಿದ್ದಕ್ಕೆ ಬೆನ್ನುನೋವು ಅಂಟಿಕೊಂಡಿದೆ ಎಂದು ಹೇಳಿಕೊಂಡು, ಹೋದಲ್ಲೆಲ್ಲ ತಮ್ಮದೇ ಒಂದು ನೀಲಿ ಮೆತ್ತೆ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ.

ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆಗೆದವಳು ಡಾಕ್ಟರಕ್ಕ. ಹೊರಗೆ ಹುಡುಗ, ಅವನ ಹಿಂದೆ ಅವನ ತಾಯಿ. ತಂಗಿ ತೋರಿಸಿದ್ದ ಫೋಟೋಗಳಲ್ಲೆಲ್ಲ ಹೆಲ್ಮೆಟ್ಟೋ ಕಪ್ಪು ಕನ್ನಡಕವೋ ಹಾಕಿಕೊಂಡಿರುತ್ತಿದ್ದ ಮುಖ ಈಗ ಬರಿದಾಗಿ ಎದುರಿಗೆ ನಿಂತಿತ್ತು. ನೋಡಿದೊಡನೆ ಅವಳಿಗೆ ಗುರುತು ಸಿಕ್ಕಿತು.

"ಬನ್ನಿ, ಒಳಗೆ ಬನ್ನಿ" ಎಂದಳು.

ಆ ದನಿ ಕೇಳಿ ಹುಡುಗನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

ಹಿಂದಿನ ವಾರ, ಊರಿನ ಆ ತುದಿಯ ಆಸ್ಪತ್ರೆಯಲ್ಲಿ, ತನ್ನ ಗುರುಗಳಿಗೆ ನೆರವಾಗಲು ಅವಳು ಹೋಗಿದ್ದಳು. ಆಪರೇಷನ್ನಿಗೆ ಮೊದಲು ರೋಗಿಯನ್ನು ಮಾತಾಡಿಸುವುದು ಅವಳ ಪಾಲಿನ ಕೆಲಸ. ಹಸಿರು ಟೋಪಿ, ಮೂಗು ಬಾಯಿ ಮುಚ್ಚಿದ ಮಾಸ್ಕು. "ನಿಮಗೆ ಏನು ಆಪರೇಷನ್ ಮಾಡ್ತೀವಿ ಅಂತ ನಿಮ್ಮ ಬಾಯಲ್ಲೇ ಹೇಳಿ" ಎಂದು ಕೇಳಿದ್ದಳು. ಒಬ್ಬರಿಗೆ ಮಾಡಬೇಕಾದದ್ದನ್ನು ಇನ್ನೊಬ್ಬರಿಗೆ ಮಾಡಬಾರದಲ್ಲ, ಅದಕ್ಕೆ ಆ ನಿಯಮ. ಮಂಚದ ಮೇಲಿದ್ದವನು ಗೋಡೆಯ ಕಡೆ ತಿರುಗಿ "ಪೈಲ್ಸ್" ಎಂದು ಉಸುರಿದ್ದ. ಕೇಳಿಸದೆ ಅವಳು ಇನ್ನೊಮ್ಮೆ ಹೇಳಿಸಿದ್ದಳು. ಅವನೇ ಇವನು.

ಒಳಗೆ ಬಂದವನು ಕೂರಲಿಲ್ಲ.

"ಕೂತ್ಕೊಳ್ಳಪ್ಪ" ಎಂದಳು ಅಮ್ಮ.

"ಪರವಾಗಿಲ್ಲ ಆಂಟಿ" ಎಂದು ಗೋಡೆಯ ಫೋಟೋಗಳನ್ನು ನೋಡಲು ನಿಂತ. ನೋಡಿ ಮುಗಿಸಿ ಕಪಾಟಿನ ಪುಸ್ತಕಗಳ ಬೆನ್ನು ಓದಿದ. ಅದೂ ಮುಗಿದು ಕಿಟಕಿಯ ಹತ್ತಿರ ಹೋಗಿ ಬೀದಿಯನ್ನು ಬಹಳ ಹೊಗಳಿದ. ಆ ಬೀದಿಯಲ್ಲಿ ಹೊಗಳುವಂಥದ್ದು ಏನೂ ಇರಲಿಲ್ಲ, ಒಂದು ಪಂಕ್ಚರ್ ಅಂಗಡಿ ಬಿಟ್ಟು.

"ಕೂತ್ಕೋ ಮಗಾ, ಏನು ಹಾಗೆ ಗಡಿಯಾರದ ಮುಳ್ಳಿನ ಥರ ಸುತ್ತುತಿದೀಯ?" ಎಂದು ಅವನ ತಾಯಿಯೇ ಗದರಿದರು. "ವಾರವೆಲ್ಲ ಆಫೀಸ್ ಕೆಲಸ ಅಂತ ಪರವೂರು ತಿರುಗಿ ಬಂದಿದಾನೆ, ಇನ್ನೂ ಕಾಲು ನಿಂತಿಲ್ಲ" ಎಂದು ಅಮ್ಮನಿಗೆ ಹೇಳಿದರು. ಅಂದರೆ ತಾಯಿಗೂ ಗೊತ್ತಿಲ್ಲ. ಡಾಕ್ಟರಕ್ಕ ಟ್ರೇ ಎತ್ತಿಕೊಂಡು ಅಡುಗೆಮನೆಗೆ ಜಾರಿದಳು.

ಮಾವ ಹಿಂದೆಯೇ ಬಂದರು.

"ನೋಡ್ದೆಯಾ? ಬೋಗಿಯಲ್ಲಿ ಸೀಟು ಖಾಲಿ ಇದ್ರೂ ಬಾಗಿಲ ಹತ್ರ ನಿಂತವನ ಹತ್ರ ಟಿಕೆಟ್ ಇರಲ್ಲ. ನನ್ನ ಸರ್ವಿಸಲ್ಲಿ ಈ ಲೆಕ್ಕ ಒಂದು ಸಲವೂ ತಪ್ಪಿಲ್ಲ. ಅವನ ನಡಿಗೆನೂ ಸರಿ ಇಲ್ಲ. ನೀನು ಡಾಕ್ಟರು, ಹೇಳು, ಏನಿದೆ ಅವನಿಗೆ?"

"ಯಾರ ಮೈ ವಿಷಯಾನೂ ನನ್ನ ಕೇಳಬೇಡಿ ಮಾವ. ಏನಾದ್ರೂ ಇದ್ರೂ ಇದೇ ಮಾತು, ಏನೂ ಇಲ್ದಿದ್ರೂ ಇದೇ ಮಾತು."

"ನಿನ್ನ ತಂಗಿ ಬಾಳಿನ ಪ್ರಶ್ನೆ ಕಣೇ ಇದು! ನಿನ್ನ ಕಾನೂನು ಆಸ್ಪತ್ರೆಲಿರಲಿ."

"ಅದು ನನ್ನ ಜೊತೆಗೇ ಮನೆಗೂ ಬರುತ್ತೆ ಮಾವ."

ಹಾಗೆಂದು ಕಪ್ಪುಗಳನ್ನು ಟ್ರೇಯಲ್ಲಿ ಜೋಡಿಸಿದಳು. ಒಂದೇ ಒಂದು ಪದ ಬಾಯಿಯಿಂದ ಜಾರಿಸಿದರೆ ಸಾಕು, ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕು ಮದುವೆ ನಿಶ್ಚಯವಾಗುತ್ತಿತ್ತು. ಆ ಪದ ಮಾತ್ರ ಅವಳದಲ್ಲ. ಸುಳ್ಳು ಹೇಳಿ ಸಾಗಹಾಕುವುದೂ ಅವಳಿಗೆ ಬರುತ್ತಿರಲಿಲ್ಲ.

ಹೊರಗೆ ಬರುವಷ್ಟರಲ್ಲಿ ಮಾವ ತಪಾಸಣೆ ಶುರುಮಾಡಿದ್ದರು. ಹುಡುಗನ ಹೆಗಲ ಮೇಲೆ ಕೈ ಹಾಕಿ, "ನಮ್ಮ ಮನೆ ಕುರ್ಚಿ ನಿಮಗೆ ಒಗ್ಗಲ್ವೋ?" ಎನ್ನುತ್ತ ಬಲವಾಗಿ ಅದುಮಿ ಕೂರಿಸಿಯೇಬಿಟ್ಟರು. ಅದು ಮನೆಯ ಅತ್ಯಂತ ಗಟ್ಟಿ ಕುರ್ಚಿ. ಹುಡುಗನ ಕಣ್ಣು ದೊಡ್ಡದಾಯಿತು, ತುಟಿ ಒಳಗೆ ಹೋಯಿತು, ಎಡಗಣ್ಣಿನಿಂದ ಒಂದು ಹನಿ ತಾನಾಗಿ ಇಳಿಯಿತು.

"ಅಳ್ತಿದಾನೆ!" ಎಂದರು ಮಾವ, ಕಳ್ಳನನ್ನು ಹಿಡಿದವರಂತೆ.

ಡಾಕ್ಟರಕ್ಕನಿಗೆ ಈಗ ಅಳಿಯನಿಗಿಂತ ಹೊಲಿಗೆಯ ಚಿಂತೆ ಹತ್ತಿತು. "ಒಳಗೆ ಎಂಥ ಸೆಕೆ! ಎಲ್ಲರೂ ಟೆರೇಸಿಗೆ ಹೋಗೋಣ, ಏಳಿ ಏಳಿ" ಎಂದು ಮೊದಲು ಅವನನ್ನೇ ಎಬ್ಬಿಸಿದಳು. ಸೆಕೆ ಇದ್ದದ್ದು ನಿಜವೇ. ಟೆರೇಸಿನಲ್ಲಿ ಕುರ್ಚಿಗಳಿಲ್ಲ ಎಂಬುದೂ ಅಷ್ಟೇ ನಿಜ.

ಮೇಲೆ ಎಲ್ಲರೂ ನಿಂತರು. ನಿಂತಿದ್ದೇ ತಡ ಹುಡುಗನಿಗೆ ಜೀವ ಬಂತು. ಮಾವ ಮಾತ್ರ ಮೆತ್ತೆ ಹಾಕಿಕೊಂಡು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಅವನನ್ನೇ ದುರುಗುಟ್ಟಿ ನೋಡುತ್ತಿದ್ದರು. ತಂಗಿ ಅಕ್ಕನನ್ನು ಬಟ್ಟೆ ಒಣಹಾಕುವ ಮೂಲೆಗೆ ಎಳೆದಳು.

"ಅಕ್ಕ, ನಿನ್ನ ನೋಡಿ ಅವನು ಯಾಕೆ ಬೆಚ್ಚಿಬಿದ್ದ? ನಿನಗೆ ಅವನು ಮೊದಲೇ ಗೊತ್ತಾ?"

"ನನ್ನ ಕೇಳಬೇಡ ಕಣೇ. ಏನಿದ್ರೂ ಅವನನ್ನೇ ಕೇಳು."

ತಂಗಿಯ ಮುಖ ಬಾಡಿತು. "ಏನೋ ದೊಡ್ಡ ಕಾಯಿಲೆ ಅಲ್ವಾ?" ಎಂದಳು, ದನಿ ಆಗಲೇ ಒಡೆದಿತ್ತು.

ಚಿಕ್ಕಂದಿನಿಂದ ಒಂದೇ ಹಾಸಿಗೆಯಲ್ಲಿ ಪಿಸುಗುಟ್ಟಿ ಬೆಳೆದವರು ಅವರು. ಅಲ್ಲ ಕಣೇ, ನಗು ಬರುವಂಥದ್ದು ಎಂದು ಹೇಳಿಬಿಡಬೇಕೆಂದು ನಾಲಿಗೆ ತುದಿಯವರೆಗೆ ಬಂತು. ಅಲ್ಲ ಎನ್ನುವುದೂ ಹೇಳಿದಂತೆಯೇ. ಡಾಕ್ಟರಕ್ಕ ತಂಗಿಯ ಕೈಯನ್ನೊಮ್ಮೆ ಹಿಸುಕಿದಳು, ನೇರ ಹುಡುಗನ ಹತ್ತಿರ ಹೋದಳು.

"ಮೇಡಂ, ದಯವಿಟ್ಟು…" ಎಂದ ಅವನು ದನಿ ತಗ್ಗಿಸಿ. "ನಿಮ್ಮ ಕಣ್ಣಿಗೆ ಬೀಳಬಾರದು ಅಂತಲೇ ಅಷ್ಟು ದೂರದ ಆಸ್ಪತ್ರೆಗೆ ಹೋಗಿದ್ದೆ."

ಅವಳು ನಗು ನುಂಗಿಕೊಂಡಳು. "ನನ್ನ ಬಾಯಿಂದ ಅದು ಹೊರಗೆ ಬೀಳಲ್ಲ. ಇವತ್ತೂ ಇಲ್ಲ, ಮದುವೆ ಆದ್ಮೇಲೂ ಇಲ್ಲ. ಆದ್ರೆ ಅಲ್ಲಿ ನೋಡಿ, ನನ್ನ ತಂಗಿ ನಿಮಗೆ ಏನೋ ದೊಡ್ಡದೇ ಬಂದಿದೆ ಅಂತ ಅಳೋ ಹಾಗಾಗಿದಾಳೆ. ಹೇಳೋದು ಬಿಡೋದು ನಿಮಗೆ ಸೇರಿದ್ದು."

ಹುಡುಗ ತಂಗಿಯನ್ನು ನೋಡಿದ. ಆಮೇಲೆ ಟೆರೇಸಿನ ನಡುವೆ ಬಂದು, ಹೇಳಬೇಕಾದದ್ದಕ್ಕಿಂತ ಬಹಳ ಗಟ್ಟಿಯಾಗಿ ಹೇಳಿಬಿಟ್ಟ:

"ನನಗೆ ಪೈಲ್ಸ್ ಆಪರೇಷನ್ ಆಗಿದೆ. ಹೋದ ವಾರ. ಅದಕ್ಕೇ ಕೂರಕ್ಕಾಗ್ತಿಲ್ಲ. ಬೇರೇನೂ ಇಲ್ಲ."

ಪಕ್ಕದ ಟೆರೇಸಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದ ಪಿತ್ತಕೋಶದ ಯಜಮಾನರೂ ಪೈಪು ಹಿಡಿದುಕೊಂಡು ನಿಂತುಬಿಟ್ಟರು.

ಮೊದಲು ಸಿಡಿದವರು ಹುಡುಗನ ತಾಯಿ. "ಅಯ್ಯೋ ಕತ್ತೆ! ಪರವೂರಿಗೆ ಹೋಗಿದ್ದೆ ಅಂದ್ಯಲ್ಲೋ!" ಮೊದಲು ನಕ್ಕವಳು ತಂಗಿ. ಕಣ್ಣು ಒರೆಸಿಕೊಳ್ಳುತ್ತಲೇ ನಕ್ಕಳು, ಸೀರೆ ಒಣಹಾಕಿದ ಹಗ್ಗ ಹಿಡಿದುಕೊಂಡು ಬಗ್ಗಿ ಬಗ್ಗಿ ನಕ್ಕಳು. "ನನಗಾದ್ರೂ ಹೇಳೋದಲ್ವಾ ದಡ್ಡಾ?" ಎಂದಳು.

"ನಾಚಿಕೆ ಆಯ್ತು. ಇವರು ಅವತ್ತು ಇವರ ಗುರುಗಳ ಜೊತೆ ಅಲ್ಲೇ ಇದ್ರು, ಇವರನ್ನೇ ಕೇಳು" ಎಂದು ಹುಡುಗ ಡಾಕ್ಟರಕ್ಕನ ಕಡೆ ಕೈ ತೋರಿಸಿದ.

ಅಮ್ಮ ಸೊಂಟದ ಮೇಲೆ ಕೈಯಿಟ್ಟಳು. "ನಿನಗೆ ಬಾಗಿಲು ತೆಗೆದಾಗ್ಲೇ ಗೊತ್ತಿತ್ತಾ? ತಂಗಿ ಕಣ್ಣೀರು ಹಾಕೋವರೆಗೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆಯಾ?"

"ಹೂಂ" ಎಂದಳು ಡಾಕ್ಟರಕ್ಕ.

ಎಲ್ಲರ ಕಣ್ಣು ಮಾವನ ಕಡೆ ಹೋಯಿತು. ಮಾವ ಬೈಯಲಿಲ್ಲ. ಕಟ್ಟೆಯಿಂದ ನಿಧಾನವಾಗಿ ಎದ್ದರು. ಯಾರೂ ಮುಟ್ಟಬಾರದ ಆ ನೀಲಿ ಮೆತ್ತೆಯನ್ನು ಕೊಡವಿ ಹುಡುಗನ ಕೈಗೆ ಕೊಟ್ಟರು.

"ಇದರ ಮೇಲೆ ಕೂತ್ಕೋ. ಒಂದು ಪಕ್ಕಕ್ಕೆ ವಾಲ್ಕೊಂಡು ಕೂತ್ಕೋಬೇಕು, ನೆಟ್ಟಗೆ ಅಲ್ಲ" ಎಂದರು. ಅಮ್ಮನ ಕಡೆ ತಿರುಗಿ, "ಹುಡುಗ ಆಗಬಹುದು ಕಣೇ. ಎಲ್ಲರೆದುರಿಗೆ ಅದನ್ನ ಹೇಳೋಕೂ ಎದೆಗಾರಿಕೆ ಬೇಕು" ಎಂದರು. ತಲೆ ಆಡಿತು. ಅಮ್ಮ ಹುಡುಗನ ತಾಯಿಯ ಕೈ ಹಿಡಿದುಕೊಂಡಳು.

ಆಮೇಲೆ ಮಾತು, ನಗು, ಇನ್ನೊಂದು ಸುತ್ತು ಕಾಫಿ. ಸಂಭ್ರಮದ ನಡುವೆ ಡಾಕ್ಟರಕ್ಕ ಒಂದನ್ನು ಗಮನಿಸಿದಳು. ಎಲ್ಲರೂ ಕೆಳಗಿಳಿದು ಕುರ್ಚಿಗಳಲ್ಲಿ ಕೂತರೂ, ಮೆತ್ತೆ ಕೊಟ್ಟ ಮಾವ ಮಾತ್ರ ಕೂರಲಿಲ್ಲ. ಗೋಡೆಯ ಫೋಟೋಗಳನ್ನು ನೋಡಿದರು. ಪುಸ್ತಕಗಳ ಬೆನ್ನು ಓದಿದರು.

ಬೀಗರು ಹೊರಟ ಮೇಲೆ ಮಾವ ಅವಳನ್ನು ಮೆಟ್ಟಿಲ ತಿರುವಿಗೆ ಕರೆದರು. ಆಚೆ ಈಚೆ ನೋಡಿದರು. ಗಂಟಲು ಸರಿಮಾಡಿಕೊಂಡರು.

"ನೋಡು ಮಗಳೇ… ನನ್ನದು ಬೆನ್ನುನೋವಲ್ಲ."

"ಗೊತ್ತಾಯ್ತು ಮಾವ."

"ಬಹಳ ವರ್ಷ ಆಯ್ತು. ಯಾರ ಹತ್ರ ಹೇಳ್ಕೊಳ್ಳೋದು? ಈ ಮನೇಲಿ ಒಬ್ಬರಿಗೆ ಹೇಳಿದ್ರೆ ಸಂಜೆಗೆ ಪೇಪರಿನವನಿಗೂ ಗೊತ್ತಾಗುತ್ತೆ. ಇವತ್ತು ನಿನ್ನ ನೋಡಿದೆ. ಎಷ್ಟು ಜಗ್ಗಿದ್ರೂ ನೀನು ಬಾಯಿ ಬಿಡಲಿಲ್ಲ." ಅವರ ಕಣ್ಣು ಸ್ವಲ್ಪ ತೇವವಾಗಿತ್ತು. "ನಿಮ್ಮ ಗುರುಗಳು… ನನ್ನಂಥವರನ್ನೂ ನೋಡ್ತಾರಾ?"

"ನಾಳೆನೇ ಬನ್ನಿ. ನಾನೂ ಇರ್ತೀನಿ" ಎಂದಳು ಅವಳು. ಆ ಮುದುಕನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು ಅವಳಿಗೆ.

ಮೇಲಿನಿಂದ ಅಮ್ಮ ಕಟಕಟೆಗೆ ಒರಗಿ ಇಣುಕಿದಳು. "ಏನೇ ಅದು, ನೀವಿಬ್ಬರೂ ಗುಸುಗುಸು? ಅಣ್ಣ ಏನು ಹೇಳ್ತಿದಾನೆ?"

ಡಾಕ್ಟರಕ್ಕ ಬಾಯಿ ತೆರೆಯುವ ಮೊದಲೇ ಮಾವ ಮೇಲೆ ನೋಡಿ ಗುಡುಗಿದರು:

"ಡಾಕ್ಟರನ್ನ ಹಾಗೆಲ್ಲ ಕೇಳಬಾರದು ಕಣೇ! ಅದು ಕಾನೂನು!"