ಪ್ರಶ್ನೆಗೊಂದು ಗಂಟೆ

ಕಲಿಯಲು ಬಂದವರು ಬಾಯಿ ತೆರೆದೊಡನೆ ಹಲ್ಲು ಕಿರಿಯುವವರ ಸಾಲಿನಲ್ಲಿ ನೀವು ಎಂದೂ ಕುಳಿತಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲಿರಾ?

ಆಸ್ಪತ್ರೆಗಳಿಗೆ ತಂತ್ರಾಂಶ ಬರೆಯುವ ಆ ಕಚೇರಿಯಲ್ಲಿ, ಹಿರಿಯ ಪ್ರೋಗ್ರಾಮರನ ಮೇಜಿನ ಮೇಲೆ ಹಿತ್ತಾಳೆಯ ಗಂಟೆಯೊಂದಿತ್ತು. ಹೊಸಬರು ದಡ್ಡ ಪ್ರಶ್ನೆ ಕೇಳಿದರೆ ಅದನ್ನು ಬಾರಿಸುವುದು ಅಲ್ಲಿನ ರೂಢಿ. ಯಾವುದು ದಡ್ಡ ಪ್ರಶ್ನೆಯೆಂದು ತೀರ್ಮಾನಿಸುವವನೂ ಅವನೇ. ಎಲ್ಲರೂ ಅವನನ್ನು ಪಂಡಿತನೆಂದು ಕರೆಯುತ್ತಿದ್ದರು. ತುಂಬಿದ ಕೊಡ ತುಳುಕುವುದಿಲ್ಲವೆಂಬುದು ನಿಜವಾದರೆ, ಈ ಕೊಡದಲ್ಲಿ ಎಷ್ಟು ನೀರಿತ್ತೆಂದು ನೀವೇ ಊಹಿಸಿ.

ದಾದಿಯಾಗಿದ್ದು, ಪ್ರೋಗ್ರಾಮಿಂಗ್ ಕಲಿತು ಬಂದಿದ್ದ ಹೊಸಬಳೊಬ್ಬಳ ಕೆಲಸ ಆ ತಿಂಗಳ ಕೊನೆಗೆ ಖಾಯಂ ಆಗಬೇಕಿತ್ತು. ಡಯಾಲಿಸಿಸ್ ವಿಭಾಗದ ಸರದಿಯಲ್ಲಿ ಒಬ್ಬೊಬ್ಬರನ್ನೇ ನೋಡುತ್ತ ಹೋಗಿ, ಬಾರದವರನ್ನು ತೆಗೆದುಹಾಕಿ, ಬಂದವರನ್ನು ಕರೆಯುವ ಲೂಪ್, ಅಂದರೆ ಅದೇ ಹೆಜ್ಜೆಗಳನ್ನು ಸರದಿ ಮುಗಿಯುವವರೆಗೆ ಮತ್ತೆ ಮತ್ತೆ ನಡೆಸುವ ಕೋಡು, ಬರೆಯುವುದು ಅವಳ ಪಾಲಿಗೆ ಬಂತು.

“ಸರ್, ಸರದಿ ನೋಡ್ತಾ ಇರೋವಾಗ್ಲೇ ಅದರಿಂದ ಒಬ್ಬರನ್ನ ತೆಗೆದರೆ ಏನಾಗುತ್ತೆ?”

ಟಣ್!

“ಶುರುವಾಯ್ತಪ್ಪ! ನನ್ನ ಹಳೇ ಲೂಪ್ ಕಾಪಿ ಹೊಡಿ ತಾಯಿ. ಗಾಯಕ್ಕೆ ಬಟ್ಟೆ ಕಟ್ಟೋ ಕೈಗೆ ಅಷ್ಟು ಸಾಕು.”

ಕೋಣೆಗೆ ಕೋಣೆಯೇ ನಕ್ಕಿತು. ಹೇಸಿಗೆಯ ನಗು. ಅವಳು ಮತ್ತೆ ಕೇಳಲಿಲ್ಲ, ಕಾಪಿ ಮಾಡಿದಳು.

ಕೆಲವೇ ದಿನಗಳಲ್ಲಿ ಆಸ್ಪತ್ರೆಯಿಂದ ದೂರು ಬಂತು. ಕಾಲು ಊದಿಕೊಂಡ ಮುದುಕರೊಬ್ಬರು ಸಂಜೆಯವರೆಗೆ ಕುಳಿತರೂ ಪರದೆಯ ಮೇಲೆ ಅವರ ಹೆಸರು ಬರಲೇ ಇಲ್ಲ. “ಹೊಸಬಳ ಕೋಡು” ಎಂದು ಪಂಡಿತ ಕೈ ತೊಳೆದುಕೊಂಡ. ಮಧ್ಯಾಹ್ನದ ಸಭೆಯಲ್ಲಿ ಕಾರಣ ಹೇಳದಿದ್ದರೆ ಕೆಲಸ ಬಿಡಬೇಕೆಂದು ಮ್ಯಾನೇಜರ್ ಅವಳಿಗೆ ತಿಳಿಸಿದರು.

ತಂತ್ರಾಂಶವನ್ನು ಪರೀಕ್ಷಿಸುವ ಹಿರಿಯಳೊಬ್ಬಳು ಅವಳನ್ನು ಚಹಾ ಕೋಣೆಗೆ ಕರೆದೊಯ್ದು, ಲೋಟಗಳನ್ನು ಸಾಲಾಗಿ ಜೋಡಿಸಿದಳು.

“ನಿನ್ನ ಬೆರಳೇ ಲೂಪ್ ಅಂದ್ಕೋ. ಎರಡನೇ ಲೋಟದ ಮೇಲಿಡು. ಅವರು ಬಂದಿಲ್ಲ, ತೆಗಿ. ಹಿಂದಿನವೆಲ್ಲ ಒಂದೊಂದು ಜಾಗ ಮುಂದಕ್ಕೆ ಸರಿಸು. ಈಗ ಬೆರಳು ಮೂರನೇ ಜಾಗಕ್ಕೆ.”

ಬೆರಳು ಸರಿಯಿತು, ತಟ್ಟನೆ ನಿಂತಿತು. “ಅಯ್ಯೋ ಅಕ್ಕಾ! ಖಾಲಿ ಜಾಗಕ್ಕೆ ಬಂದೋರನ್ನ ನೋಡ್ಲೇ ಇಲ್ಲ!”

“ಅವರೇ ಆ ಅಜ್ಜ. ಸರದಿ ಒಂದು ಆಬ್ಜೆಕ್ಟು, ತನ್ನ ಕೆಲಸ ತಾನೇ ಬಲ್ಲ ವಸ್ತು ಇದ್ದ ಹಾಗೆ. ತನ್ನ ಮೇಲೆ ನಡೆಯೋಕೆ ಅಂತ್ಲೇ ಅದು ಇಟರೇಟರ್ ಅನ್ನೋ ಇನ್ನೊಂದನ್ನ ಕೊಡುತ್ತೆ. ತೆಗೆಯೋ ಕೆಲಸ ಅದಕ್ಕೇ ಹೇಳು. ಎಲ್ಲಿ ನಿಂತಿದ್ದೆ ಅನ್ನೋದು ಅದಕ್ಕೆ ನೆನಪಿರುತ್ತೆ.”

“ಇದನ್ನ ಅವತ್ತೇ ಹೇಳಬಹುದಿತ್ತಲ್ಲಾ ಅಕ್ಕಾ?”

“ಗಂಟೆ ಬಾರಿಸಿದನಲ್ಲೇ… ನಾನೂ ನಕ್ಕುಬಿಟ್ಟೆ.” ಹಿರಿಯಳು ಮುಖ ತಿರುಗಿಸಿದಳು.

ಪಂಡಿತನ ಮೇಜಿನ ಸುತ್ತಲೇ ನಡೆದ ಸಭೆಯಲ್ಲಿ ಹೊಸಬಳು ಅದೇ ಲೋಟಗಳನ್ನು ಜೋಡಿಸಿ, ಒಂದನ್ನು ತೆಗೆದು, ಉಳಿದವನ್ನು ಸರಿಸಿದಳು.

“ಸರ್, ನಿಮ್ಮ ಲೂಪ್ ಈಗ ಯಾರನ್ನ ಕರೆಯುತ್ತೆ?”

ಪಂಡಿತನ ಕೈ ಗಂಟೆಯತ್ತ ಹೋಯಿತು.

“ಅದು ಆಮೇಲೆ. ಮೊದಲು ಉತ್ತರ ಹೇಳ್ರೀ” ಎಂದರು ಮ್ಯಾನೇಜರ್.

ಪಂಡಿತ ಕೈ ಹಿಂದಕ್ಕೆಳೆದು ಲೋಟಗಳನ್ನು ಎಣಿಸತೊಡಗಿದ. ಲೂಪನ್ನು ಅವಳೇ ತಿದ್ದಿದಳು. ಕೆಲಸ ಖಾಯಂ ಆಯಿತು. ಗಂಟೆಯನ್ನು ತೆಗೆಸಿರೆಂದು ಅವಳು ಕೇಳಿಕೊಂಡಾಗ ಮಾತ್ರ ಮ್ಯಾನೇಜರ್, “ತಮಾಷೆಗಿರಲಿ ಬಿಡಮ್ಮ” ಎಂದರು. ಮುದುಕರೊಬ್ಬರ ಊದಿದ ಕಾಲು ಅವರಿಗೆ ತಮಾಷೆಯಾಗಿತ್ತು! ಗಂಟೆ ಈಗಲೂ ಆ ಮೇಜಿನ ಮೇಲೆ ಹೊಳೆಯುತ್ತಿದೆ. ಮುಂದಿನ ಹೊಸಬರು ಬರುವವರಿದ್ದಾರೆ.

ನಿಮ್ಮ ಕಚೇರಿಯಲ್ಲಿ ಗಂಟೆಯೇ ಇರಬೇಕೆಂದಿಲ್ಲ, ಒಂದು ನಗುವೂ ಸಾಕು. ನಾಳೆ ಅದು ಮೊಳಗಿದಾಗ ದಯವಿಟ್ಟು ಎದ್ದು ನಿಲ್ಲಿ, ಆ ಪ್ರಶ್ನೆಯನ್ನು ನೀವೇ ಮತ್ತೊಮ್ಮೆ ಗಟ್ಟಿಯಾಗಿ ಕೇಳಿ.