ಲೊರ್ನಾ ಕುವೈತಿನಿಂದ ರೋಸಿಗೆ ಬಂದದ್ದು

ಇದು ನಡೆದದ್ದೇ. ಒಂದಕ್ಷರ ಸುಳ್ಳಾದರೆ ನಾಳೆ ನನ್ನ ರಿಕ್ಷಾ ಉದ್ಯಾವರ ಸೇತುವೆಯ ನಟ್ಟನಡುವೆ ನಿಂತುಬಿಡಲಿ, ಹಿಂದಿನ ಲಾರಿಯವರೆಲ್ಲ ಸೇರಿ ನನ್ನನ್ನೇ ಬೈಯಲಿ.

ಶಂಕರಪುರದ ರೋಸಲಿನ್ ಬಾಯಿಯ ಮನೆಯ ಮಲ್ಲಿಗೆಯನ್ನು ದಿನಾ ಉಡುಪಿಗೆ ಮುಟ್ಟಿಸುವವನು ನಾನು. ಅವರ ಕಿರಿಮಗಳು ವನೆಸ್ಸಾ ಮಣಿಪಾಲದ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸದಲ್ಲಿದ್ದಾಳೆ. ಅವಳ ಮದುವೆಯ ಹಿಂದಿನ ದಿನ ರೋಸ್, ಅಂದರೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಅಕ್ಕ ಲೊರ್ನಾಳಿಗೆ ಕುವೈತಿನಲ್ಲಿ ರಜೆ ಸಿಗಲಿಲ್ಲ. ಫೋನಿನ ವಿಡಿಯೋದಲ್ಲಿ ನೋಡುವುದೆಂದು ಮಾತಾಗಿತ್ತು. ಆ ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಮನೆಯ ವೈಫೈಯೇ ಗತಿ. ಚಪ್ಪರದಡಿ ವನೆಸ್ಸಾ ಮಣೆಯ ಮೇಲೆ ಕೂತಳು, ಹಾಲಿನ ಬಟ್ಟಲು ಬಂತು. ಲೊರ್ನಾಳ ಮುಖ ಮಾತ್ರ ಬರಲಿಲ್ಲ.

“ಅಕ್ಕ ನೋಡದೆ ನನ್ನ ತಲೆಗೆ ಒಂದು ಹನಿ ಬೀಳಬಾರದು. ನಾನೇ ಹೋಗಿ ನೋಡ್ತೇನೆ,” ಎಂದಳು ವನೆಸ್ಸಾ.

“ರೋಸಿಗೆ ಕೂತವಳು ಏಳ್ಲಿಕ್ಕುಂಟಾ? ಕೂತ್ಕೊ!” ಸೋದರತ್ತೆ ವೆರೊನಿಕಾ ಬಾಯಿ ಅವಳ ಹೆಗಲು ಒತ್ತಿದರು. “ಸ್ವಲ್ಪ ಹೊತ್ತು ಮಾತ್ರ ಕಾಯುವಾ. ಮತ್ತೆ ಹಾಲು ಹುಳಿ ಬರ್ತದೆ.”

“ಹಾಗಾದ್ರೆ ಅಂಗಾರಣ್ಣ, ನೀವೇ ನನ್ನ ಕೈಕಾಲು. ಅಟ್ಟದಲ್ಲಿ ರೌಟರ್ ಉಂಟು, ನೋಡಿ ಬನ್ನಿ,” ಎಂದು ನನ್ನ ಕಡೆ ತಿರುಗಿದಳು.

“ರೌಟರ್ ಅಂದ್ರೆ ಎಂತ ಮಾರಾಯ್ತಿ?”

“ನಿಮ್ಮ ಹೂವಿನ ಕಟ್ಟೆಯ ಏಜೆಂಟ್ ಇಲ್ವಾ? ವಿಳಾಸ ನೋಡಿ, ಯಾವ ಕಟ್ಟು ಯಾವ ಗಾಡಿಗೆ ಅಂತ ಹೇಳುವವ. ಅದೇ ಕೆಲಸ.”

“ಅದಕ್ಕೆ ಬರುವ ಕಟ್ಟು ಯಾವುದು?”

“ಪ್ಯಾಕೆಟ್. ಅಕ್ಕನ ಮುಖ ಇಡಿಯಾಗಿ ಬರುವುದಿಲ್ಲ. ಸಣ್ಣ ಸಣ್ಣ ತುಂಡಾಗಿ ಬರ್ತದೆ. ಒಂದೊಂದರ ಮೇಲೂ ನಂಬರು, ಮುಟ್ಟಬೇಕಾದ ವಿಳಾಸ. ಆ ವಿಳಾಸಕ್ಕೆ ಐಪಿ ಅಡ್ರೆಸ್ ಅಂತ ಹೇಳುವುದು. ತುಂಡನ್ನೆಲ್ಲ ಈ ಫೋನು ಜೋಡಿಸ್ತದೆ.”

ನನಗೆ ಮೈ ಜುಮ್ಮೆಂದಿತು. “ದಾರಿಯಲ್ಲಿ ಅವಳ ಮೂಗಿನ ತುಂಡು ಬಿದ್ದುಹೋದ್ರೆ?”

“ಫೋಟೋ ಆದ್ರೆ ‘ಮೂಗು ಬರಲಿಲ್ಲ, ಇನ್ನೊಮ್ಮೆ ಕಳಿಸು’ ಅಂತ ಕೇಳ್ತದೆ. ವಿಡಿಯೋಗೆ ಕಾಯುವಷ್ಟು ಪುರ್ಸೊತ್ತಿಲ್ಲ, ಮೂಗಿಲ್ಲದೆಯೇ ಮುಂದೆ ಹೋಗ್ತದೆ. ಈಗ ಹೋಗ್ತೀರಾ?”

“ಒಂದೇ ಒಂದು. ವೈಫೈ, ಇಂಟರ್ನೆಟ್ ಎರಡೂ ಒಂದೇ ಅಲ್ವಾ?”

“ಅಲ್ಲ! ಇಂಟರ್ನೆಟ್ ಅಂದ್ರೆ ಲೋಕದ ಇಡೀ ದಾರಿ. ವೈಫೈ ಅಂದ್ರೆ ರೌಟರಿನಿಂದ ಫೋನಿಗೆ ಗಾಳಿಯಲ್ಲಿ ಬರುವ ಕೊನೆಯ ಸ್ವಲ್ಪ ದೂರ.”

“ಅಂಗಾರ, ಹಾಲು!” ವೆರೊನಿಕಾ ಬಾಯಿ ಗದರಿದರು. ನಾನು ಓಡಿದೆ.

ಅಟ್ಟದಲ್ಲಿ ಅಂಥದ್ದೇನೂ ಇರಲಿಲ್ಲ. ಬಾಳೆ ಎಲೆ ಸುತ್ತಿ, ನಾರು ಬಿಗಿದು, ನೀರು ಚಿಮುಕಿಸಿದ ಒಂದು ಮಲ್ಲಿಗೆ ಕಟ್ಟು ಮಾತ್ರ ಕೂತಿತ್ತು. ಕಿಟಕಿಯಿಂದ ಕೂಗಿದೆ:

“ರೌಟರ್ ಇಲ್ಲ! ಹೂವಿನ ಕಟ್ಟು ಉಂಟು. ಅದಕ್ಕೊಂದು ವಯರ್ ಉಂಟು!”

“ಹೂವಿಗೆ ವಯರ್ ಎಂತಕ್ಕೆ ಅಂಗಾರಣ್ಣ?” ಎಂದವಳು ಒಮ್ಮೆಲೇ ತಿರುಗಿದಳು. “ಮಮ್ಮೀ!”

ರೋಸಲಿನ್ ಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ನಿನ್ನ ಆ ಪೆಟ್ಟಿಗೆ ಮುಟ್ಟಿದ್ರೆ ಬಿಸಿ ಇತ್ತು ಮಗಾ. ಬಾಡಿ ಹೋದ್ರೆ ಲೊರ್ನಾ ಕಾಣ್ಲಿಕ್ಕಿಲ್ಲ ಅಂತ ಹೆದರಿಕೆ ಆಯ್ತು.”

“ಒದ್ದೆ ಎಲೆ ವೈಫೈಯನ್ನೇ ನುಂಗ್ತದೆ! ಅಂಗಾರಣ್ಣ, ಮೊದಲು ಸ್ವಿಚ್ ಆಫ್ ಮಾಡಿ. ಬಿಚ್ಚಿ, ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಆನ್ ಮಾಡಿ.”

ಸ್ವಿಚ್ ಆಫ್ ಮಾಡಿ ನಾರು ಬಿಚ್ಚಿದೆ ನೋಡಿ, ಒಳಗೆ ಸಿಕ್ಕಿಕೊಂಡಿದ್ದ ಪ್ಯಾಕೆಟುಗಳೆಲ್ಲ ಜೇನುನೊಣಗಳ ಹಾಗೆ ಗುಂಯ್ ಎಂದು ಎದ್ದವು! ದಾರಿ ತಪ್ಪಿದ ಒಂದು ನನ್ನ ಕಿವಿಯಲ್ಲೇ “ಹಲೋ, ವನೆಸ್ಸಾ” ಎಂದಿತು. “ನಾನಲ್ಲ, ಕೆಳಗೆ ಹೋಗು” ಎಂದು ವಿಳಾಸ ಹೇಳಿ ಕಳಿಸಿದೆ. ಪೆಟ್ಟಿಗೆಯನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಒರೆಸಿ, ಒಣಗಿಸಿ, ಸ್ವಿಚ್ ಒತ್ತಿದೆ.

ಕೆಳಗಿಳಿಯುವಾಗ ಫೋನಿನಲ್ಲಿ ಮೊದಲು ಎರಡು ಕಣ್ಣು ಬಂದವು, ಆಮೇಲೆ ಬಾಯಿ, ಎಲ್ಲದರ ಕೊನೆಗೆ ಮೂಗು. ಲೊರ್ನಾ ಅಲ್ಲಿಂದ ಬೆರಳು ಚಾಚಿದಳು. ವೆರೊನಿಕಾ ಬಾಯಿ ಬಟ್ಟಲನ್ನು ಫೋನಿಗೆ ತಾಗಿಸಿ, ಮೊದಲ ಹಾಲನ್ನು ಅವಳ ಹೆಸರಿನಲ್ಲೇ ಹೊಯ್ದರು. ವನೆಸ್ಸಾಳ ಕಣ್ಣೀರು ಯಾವುದು, ಹಾಲು ಯಾವುದು ಗೊತ್ತಾಗಲಿಲ್ಲ.

“ಅಯ್ಯೋ, ಇಲ್ಲಿ ನನ್ನ ರೂಮಿಡೀ ಮಲ್ಲಿಗೆ ಪರಿಮಳ!” ಎಂದಳು ಲೊರ್ನಾ.

ಬಾರದೆ ಇರುತ್ತದೆಯೇ? ಬೆಳಗಿನಿಂದ ಮಲ್ಲಿಗೆಯ ಬಾಳೆ ಎಲೆಯಲ್ಲಿ ನೆನೆದ ಪೆಟ್ಟಿಗೆಯಿಂದ ಅಲ್ಲಿಗೆ ಹೋದ ಪ್ಯಾಕೆಟು!

ನೀವು ನಗುತ್ತಿದ್ದೀರಿ. ಆಗಲಿ, ಈಗಲೇ ಪರೀಕ್ಷೆ ಮಾಡೋಣ. ನಿಮ್ಮ ಮನೆಯ ವೈಫೈ ಪಾಸ್‌ವರ್ಡ್ ಸ್ವಲ್ಪ ಹೇಳಿ, ನನ್ನ ಫೋನಿಗೆ ಹಾಕಿ ಮೂಸಿ ನೋಡುತ್ತೇನೆ.